ಹುಣಸೆಹುಳಿಯಲ್ಲಿ ತೊಳೆದ ಖಡ್ಗ

ಈ ಇಳಿವಯಸ್ಸಿನಲ್ಲೂ ಕಣ್ಣಿಗೆ ಬೆಳಕನ್ನು, ಲೇಖನಿ ಹಿಡಿಯುವಷ್ಟು ಕಸುವನ್ನು ಉಳಿಸಿರುವ ಕರಸ್ಥಲದ ಸ್ವಾಮಿಗೆ ಮೊದಲು ಶರಣು. ಅಕ್ಷರ ಕಲಿಸಿದ ಗುರುವಿಗೆ ಶರಣು. ನಮ್ಮನ್ನು ಸಾಕಿದ ಮಲಪ್ರಭೆಯ ನೀರಿಗೆ ಶರಣು.

ನನ್ನ ತಮ್ಮ ಖಾನಾಪುರದ ಮನೆಯಿಂದ ನೌಕಾಪಡೆಗೆ ಹೊರಟಾಗ ಸಮುದ್ರವನ್ನು ಕಂಡವನೇ ಅಲ್ಲ. ಮೊದಲ ವರ್ಷದ ಪತ್ರಗಳಲ್ಲಿ ವಾಂತಿಯ ಸುದ್ದಿಯೇ ಹೆಚ್ಚು. ಕಡೆಗೆ ಹಡಗೊಂದರ ಹೊಣೆಯನ್ನೇ ಹೊತ್ತು, ನಿವೃತ್ತನಾಗಿ ಬೆಳಗಾವಿಯಲ್ಲಿ ನೆಲೆಸಿದ. ಅವನು ಅಧಿಕಾರಿಯಾದಾಗ ಕಟ್ಟಿಕೊಂಡ ಖಡ್ಗ ಯುದ್ಧದ ಆಯುಧವಲ್ಲ. ಕವಾಯತು, ಗೌರವವಂದನೆ, ಗೆಳೆಯರ ಮದುವೆಗಳಲ್ಲಿ ಮಾತ್ರ ಒರೆಯಿಂದ ಹೊರಬಂದದ್ದು.

ಹೋದ ವರ್ಷ ಅವನ ಮಗಳು ಅದೇ ಪಡೆಯ ತರಬೇತಿ ಮುಗಿಸುವವಳಿದ್ದಳು. ಸಮಾರೋಪದ ಕವಾಯತಿನಲ್ಲಿ ತುಕಡಿಯ ಮುಂದೆ ಖಡ್ಗ ಹಿಡಿದು ನಡೆಯುವ ಸರದಿ ಅವಳದು. ಅವಳ ಕೈಯಲ್ಲಿ ತನ್ನ ಖಡ್ಗವೇ ಇರಬೇಕೆಂಬುದು ತಮ್ಮನ ಒಂದೇ ಆಸೆ. ಕಳಿಸುವ ಮುನ್ನ ಪೂಜೆಯಾಗಲೆಂದು ಖಂಡೇನವಮಿಗೆ ಅದನ್ನು ಖಾನಾಪುರಕ್ಕೆ ತಂದ.

ಅಂದು ನಮ್ಮಲ್ಲಿ ಕುಡುಗೋಲು, ಈಳಿಗೆ, ಗುದ್ದಲಿಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಟ್ಟು ಪೂಜಿಸುವ ರೂಢಿ. ತಮ್ಮ ಸ್ನಾನಕ್ಕೆ ಹೋಗಿದ್ದ. ಖಡ್ಗದ ಹಿಡಿ ನನ್ನ ಕಣ್ಣಿಗೆ ಮಾಸಿದ ಹಿತ್ತಾಳೆಯಂತೆ ಕಂಡಿತು. ದೇವರ ಮುಂದಿನ ಹಿತ್ತಾಳೆ ದೀಪದ ಸಮೆಗಳನ್ನು ಬೆಳಗಿದ ಹುಣಸೆಹಣ್ಣು, ಬೂದಿ ಅಲ್ಲಿಯೇ ಇದ್ದವು. ಭಕ್ತಿಯಿಂದಲೇ ಉಜ್ಜಿದೆ. ಲಂಗರಿನ ಚಿತ್ರದ ಮೇಲಿದ್ದ ಚಿನ್ನದ ಲೇಪ ನನ್ನ ಕೈಯಲ್ಲೇ ಎದ್ದುಹೋಯಿತು.

ತಮ್ಮ ಬಂದು ನೋಡಿದ. "ಅಣ್ಣಾ, ಇದನ್ನ ಸಮೆ ಅಂತ ತಿಳದೇನು?" ಎಂದ. ಸಿಟ್ಟು ಮಾಡಲಿಲ್ಲ; ಮೆಲ್ಲನೆ ಒರೆಗೆ ಸೇರಿಸಿದ. "ಇರ್ಲಿ ಬಿಡು, ಆಕಿಗೆ ಅಲ್ಲೇ ಬ್ಯಾರೆ ಒಂದು ಕೊಡ್ತಾರ."

ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಹಬ್ಬ ಕಳೆದ ಭಾನುವಾರ ಒತ್ತಾಯ ಮಾಡಿ ಅವನನ್ನು ಬೆಳಗಾವಿಯ ವಡಗಾವಿ ಓಣಿಗೆ ಕರೆದೊಯ್ದೆ. ದೇವರ ಮುಖವಾಡಗಳಿಗೆ ಚಿನ್ನದ ನೀರು ಹಾಕುವ ಹಿರಿಯರೊಬ್ಬರು ಅಲ್ಲಿದ್ದಾರೆ. ಅವರು ಕನ್ನಡಕ ಏರಿಸಿ ಹಿಡಿಯನ್ನು ತಿರುವಿ ನೋಡಿದರು.

"ತಿಕ್ಕಿದವರು ಯಾರ್ರೀ? ಭಾಳ ನಿಷ್ಠೆಲೆ ತಿಕ್ಕ್ಯಾರ!"

"ನಾನೇರೀ."

"ಹಂಗಾರ ನೀವು ಅಲ್ಲೇ ದೂರ ಕುಂದರ್ರಿ."

ತಮ್ಮ ಗೊಳ್ಳೆಂದು ನಕ್ಕ. ಹಬ್ಬದ ನಂತರ ಅವನು ನಕ್ಕದ್ದು ಅದೇ ಮೊದಲು.

ಹಿರಿಯರು ಹೆಬ್ಬೆರಳಿನಷ್ಟಗಲದ ಒಂದು ಜಾಗ ತೋರಿಸಿದರು. "ಇದು ಹುಳಿ ತಿಂದದ್ದಲ್ಲರೀ. ಹಿಡದ ಹಿಡದ ಸವದೈತಿ. ಇದನ್ನೂ ಮುಚ್ಚಲೇನು?"

ತಮ್ಮ ಅಲ್ಲಿಂದಲೇ ಮಗಳಿಗೆ ಫೋನು ಮಾಡಿ ಕೇಳಿದ. "ಬ್ಯಾಡಪ್ಪಾ, ಅದೊಂದು ಹಂಗ ಇರ್ಲಿ," ಎಂದಳು ಅವಳು. "ನನ್ನ ಬೆರಳೂ ಅಲ್ಲೇ ಬರ್ತದ. ಲಗೂನ ಕಳಸ್ರಿ."

ಕೇರಳದ ಕಡಲದಂಡೆಯ ಆ ಮೈದಾನದಲ್ಲಿ ತುಕಡಿಯ ಮುಂದೆ ಅವಳು ಖಡ್ಗವೆತ್ತಿ ವಂದಿಸಿದಾಗ, ನನ್ನ ಪಕ್ಕದಲ್ಲಿ ತಮ್ಮ ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತಿದ್ದ.

ಲೇಪ ಕೂಡಿಸಿದ ಹಿರಿಯರ ಕೈಗೆ ಕಸುವಿರಲಿ. ಕೊಟ್ಟ ತಮ್ಮನಿಗೆ ನೆಮ್ಮದಿಯಿರಲಿ. ಹಿಡಿದ ಮಗಳಿಗೂ ಅವಳೊಡನೆ ಹೆಜ್ಜೆಯಿಟ್ಟ ಮಕ್ಕಳಿಗೂ ಹೋದ ದಾರಿಯೆಲ್ಲ ತಿಳಿನೀರಾಗಲಿ. ಅವರನ್ನು ಹೆತ್ತವರಿಗೆಲ್ಲ ಶಿವನು ಒಳಿತನ್ನೇ ಮಾಡಲಿ.