ಕೆಳಗಿನ ಕೋಣೆ ಬಿಟ್ಟುಕೊಟ್ಟವಳು

ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪರದೆ, ಹಾಸು ಹೊಲಿಯುವ ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸಿದಳೆಂದರೆ ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ. ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಕೈಯಿಂದಲೋ ನಾಲಿಗೆಯಿಂದಲೋ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅವಳಿಗೆ ರಕ್ತದೊತ್ತಡ ಇರುವುದು ಗೊತ್ತಾದದ್ದು ಹಲ್ಲು ಕೀಳಿಸಲು ಹೋದಾಗ. ಹಲ್ಲಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, "ಇಷ್ಟು ಬಿ.ಪಿ. ಇಟ್ಕೊಂಡು ನಾನು ಹಲ್ಲು ಮುಟ್ಟಲ್ಲಮ್ಮ, ಮೊದಲು ಇದಕ್ಕೆ ಔಷಧಿ ತಗೊಳ್ಳಿ" ಎಂದು ವಾಪಸು ಕಳಿಸಿಬಿಟ್ಟರು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಗಡಿಯಾರ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ, "ಈಗಿನ ಕಾಲದಲ್ಲಿ ಯಾರಿಗಿಲ್ಲ ಬಿ.ಪಿ.? ಮಾತ್ರೆ ನುಂಗು, ಸರಿಹೋಗುತ್ತೆ" ಎಂದ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವಳು ಮಾತ್ರೆ ನುಂಗಿದಳು, ಉಪ್ಪು ಕಡಿಮೆ ಮಾಡಿದಳು, ಕರಿದದ್ದು ಬಿಟ್ಟಳು. ಹೇಗಿದ್ದೀಯಾ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲ.

ಮಹಡಿಯ ಮೇಲೆ ಮೈದುನನ ಸಂಸಾರ. ಅವನ ಹೆಂಡತಿ ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸದವಳು. ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದಳಾದ್ದರಿಂದ ಗಿಣಿ ಎಂದೇ ಅವಳ ಹೆಸರು. ಗಿಣಿಗೆ ಕೆಲವು ತಿಂಗಳಿಂದ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿತ್ತು. ಗ್ಯಾಸು ಎಂದುಕೊಂಡು ಸುಮ್ಮನಿದ್ದಳು. ಬಿ.ಪಿ.ಯನ್ನಂತೂ ಜನ್ಮದಲ್ಲಿ ನೋಡಿಸಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಮೇಲಿನ ಗೂಡಿನಿಂದ ಡಬ್ಬ ತೆಗೆಯಲು ಸ್ಟೂಲು ಹತ್ತಿದವಳು ಮೈಯೆಲ್ಲ ಬೆವತು, ಎಡಗೈ ಹಿಡಿದುಕೊಂಡು ಕುಸಿದಳು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಸ್ಟೆಂಟ್ ಹಾಕಿದರು. ಜೀವ ಉಳಿಯಿತು.

ಆ ದಿನ ಕತ್ತರಿಯಕ್ಕ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅತ್ತದ್ದು ಸುಳ್ಳಲ್ಲ. ಆದರೆ ಗಿಣಿ ಮನೆಗೆ ಬಂದ ಮೇಲೆ ಆ ಕಣ್ಣೀರು ಇಂಗಿಹೋಯಿತು.

"ಅತ್ತಿಗೆ, ಸ್ವಲ್ಪ ದಿನ ಇವಳು ಕೆಳಗೆ ನಿಮ್ಮ ಕೋಣೇಲಿ ಮಲಗಲಿ. ನೀವು ಮೇಲೆ ಇರ್ತೀರಾ?" ಎಂದು ಮೈದುನ ಕೇಳಿದ. ಬೇಡ ಎನ್ನಲು ಬಾಯಿ ಬರುತ್ತದೆಯೇ? ಬೆಳಗಿನ ಬಿಸಿಲು ಬೀಳುವ ಕಿಟಕಿ, ತಾನೇ ಹೊಲಿದ ನೀಲಿ ಪರದೆ, ಎಲ್ಲವನ್ನೂ ಬಿಟ್ಟುಕೊಟ್ಟು ಕತ್ತರಿಯಕ್ಕ ಮೇಲೆ ಹತ್ತಿದಳು. ಕೆಳಗೆ ನೆರೆಹೊರೆಯವರ ಸಂತೆ. ಬಂದವರ ಕೈಯಲ್ಲೆಲ್ಲ ಹಣ್ಣು. "ಪಾಪ, ಎಷ್ಟು ಸೊರಗಿದ್ದೀಯಾ!" ಎಂಬ ರಾಗ. ಇದನ್ನೆಲ್ಲ ಹೇಗೋ ನುಂಗಿಕೊಂಡಾಳು. ಆದರೆ ಒಂದು ಸಂಜೆ ಕಾರ್ಖಾನೆಯಿಂದ ಬಂದಾಗ, ಮನೆಯಲ್ಲಿ ನೀರಿನ ಲೋಟವನ್ನೂ ತಾನಾಗಿ ಎತ್ತಿಕೊಳ್ಳದ ತನ್ನ ಗಂಡ ಅಡುಗೆಮನೆಯಲ್ಲಿ ನಿಂತು ಮೂಸಂಬಿ ಹಿಂಡುತ್ತಿದ್ದ.

"ಬೀಜ ಬಂದ್ರೆ ಅವಳ ಗಂಟಲಿಗೆ ಸಿಗುತ್ತೆ ಅಂತ ಸೋಸ್ತಾ ಇದೀನಿ" ಎಂದ.

ಕತ್ತರಿಯಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಬಾಯಿ ಕಟ್ಟಿ ಬದುಕಿದವಳು ತಾನು. ಕಂಡದ್ದನ್ನೆಲ್ಲ ತಿಂದು ಮೆರೆದವಳು ಅವಳು. ಸೋಸಿದ ರಸ ಮಾತ್ರ ಅವಳ ಪಾಲಿಗೆ! ತನ್ನ ಕಾಯಿಲೆ ಮಾತ್ರೆಗೆ ಬಗ್ಗುವ ಬಡಪಾಯಿ ಕಾಯಿಲೆ, ಅದಕ್ಕೇ ಮರ್ಯಾದೆಯಿಲ್ಲ ಎನಿಸಿತು. ಮಾರನೆಯ ಬೆಳಿಗ್ಗೆ ಅವಳು ಮಾತ್ರೆ ನುಂಗಲಿಲ್ಲ. ಬಿ.ಪಿ. ಏರಲಿ. ತಲೆ ತಿರುಗಿ ನಾಲ್ಕು ಜನರ ಮುಂದೆ ಬೀಳುವಂತಾಗಲಿ. ಆಗ ನೋಡೋಣ ಯಾರು ಏನು ಹಿಂಡುತ್ತಾರೆ ಎಂದುಕೊಂಡಳು. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದೆಂದರೆ ಇದೇ.

ವಾರಗಳು ಕಳೆದವು. ತಲೆ ತಿರುಗಲಿಲ್ಲ, ಕಣ್ಣಿಗೆ ಕತ್ತಲೆ ಕವಿಯಲಿಲ್ಲ. ಕತ್ತರಿ ಎಂದಿನಂತೆ ನೆಟ್ಟಗೆ ಓಡುತ್ತಿತ್ತು. ಕಾಯಿಲೆಯೂ ತನಗೆ ಕೈಕೊಟ್ಟಿತೆಂದು ಅವಳಿಗೆ ಇನ್ನಷ್ಟು ಸಿಟ್ಟು.

ಗಿಣಿಯನ್ನು ಮತ್ತೆ ಆಸ್ಪತ್ರೆಗೆ ತೋರಿಸುವ ದಿನ ಮೈದುನನಿಗೆ ರಜೆ ಸಿಗಲಿಲ್ಲ. ಕತ್ತರಿಯಕ್ಕನೇ ಜೊತೆಗೆ ಹೋಗಬೇಕಾಯಿತು. ಗಿಣಿಯನ್ನು ನೋಡಿ ಮುಗಿಸಿದ ಡಾಕ್ಟರಮ್ಮ, "ನೀವು ಬಿ.ಪಿ. ಯಾವತ್ತು ನೋಡಿಸಿದ್ರಿ? ಬನ್ನಿ ಈ ಕಡೆ" ಎಂದು ಅವಳ ತೋಳಿಗೂ ಪಟ್ಟಿ ಸುತ್ತಿದರು. ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ನೂರ ಎಂಬತ್ತರ ಹತ್ತಿರ ಇತ್ತು.

"ಮೊದಲೇ ಬಿ.ಪಿ. ಇತ್ತಾ? ಮಾತ್ರೆ ಬಿಟ್ಟಿದ್ದೀರಾ?"

"ಬಿಟ್ಟಿದ್ದೆ... ಏನೂ ಆಗಲಿಲ್ಲವಲ್ಲ."

"ಏನೂ ಆಗಲಿಲ್ಲ ಅಂತ ನಿಮಗೆ ಅನ್ಸುತ್ತೆ ಅಷ್ಟೇ. ಬಿ.ಪಿ. ಬಾಗಿಲು ತಟ್ಟಿ ಬರಲ್ಲಮ್ಮ. ಒಳಗೊಳಗೇ ರಕ್ತನಾಳದ ಗೋಡೆ ಗಾಯ ಮಾಡುತ್ತೆ, ಅಲ್ಲಿ ಕೊಬ್ಬು ಕೂರುತ್ತೆ. ನಿಮ್ಮ ತಂಗಿಗೆ ಆಗಿದ್ದು ಅದೇ. ಯಾರೂ ನೋಡದೆ ಎಷ್ಟು ವರ್ಷ ಹಾಗೇ ಏರಿತ್ತೋ. ನಿಮಗೆ ಮೊದಲೇ ಗೊತ್ತಾಗಿತ್ತು, ಕೈಯಾರೆ ಕೆಡಿಸ್ಕೊಂಡ್ರಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಗಿಣಿ ಬಿಡಲಿಲ್ಲ. "ಯಾಕಕ್ಕ ಬಿಟ್ರಿ? ಉಪ್ಪಿನ ಡಬ್ಬ ಕಂಡ್ರೆ ಕಣ್ಣು ಕೆಂಪಗೆ ಮಾಡೋರು ನೀವು!"

"ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕಣೇ!" ಕತ್ತರಿಯಕ್ಕನ ಬಾಯಿಂದ ಮಾತು ಹಾರಿಯೇ ಹೋಯಿತು. "ನನ್ನ ಕೋಣೆ ನಿನಗೆ, ನನ್ನ ಗಂಡನ ಉಪಚಾರ ನಿನಗೆ. ನಾನೇನು ಕಲ್ಲಾ?"

ಗಿಣಿ ಮೊದಲು ನಕ್ಕಳು. ಆಮೇಲೆ ಕತ್ತರಿಯಕ್ಕನ ಕಡೆ ತಿರುಗಿ ಕೂತಳು. "ಆ ಹಾಸಿಗೆ ಇವತ್ತೇ ತಗೊಳ್ಳಿ. ಎಡಕ್ಕೆ ಹೊರಳಿದ್ರೆ ಏನಾಗುತ್ತೋ ಅಂತ ಅದರ ಮೇಲೆ ಮರದ ಹಾಗೆ ಬಿದ್ಕೊಂಡಿರ್ತೀನಿ. ಬಂದವರೆಲ್ಲ ಕೊನೇ ಸಲ ನೋಡೋ ಹಾಗೆ ನೋಡ್ತಾರೆ. ನೀವು ಚೀಲ ನೇತುಹಾಕ್ಕೊಂಡು ಕೆಲಸಕ್ಕೆ ಹೊರಟಾಗ ನಂಗೆ ಎಷ್ಟು ಉರಿಯುತ್ತೆ ಗೊತ್ತಾ?"

ತನ್ನನ್ನು ನೋಡಿ ಯಾರಾದರೂ ಉರಿದುಕೊಂಡಾರು ಎಂಬುದು ಕತ್ತರಿಯಕ್ಕನಿಗೆ ಹೊಳೆದೇ ಇರಲಿಲ್ಲ. ಕೇಳಿ ಒಂಥರಾ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ಗಿಣಿಯ ಕೈ ಹಿಡಿದುಕೊಂಡಳು.

ಮನೆಯಲ್ಲಿ ಗಂಡನಿಗೆ ತಾನೇ ಎಲ್ಲವನ್ನೂ ಹೇಳಿದಳು. ಅವನು ಭೂತಗನ್ನಡಿ ತೆಗೆದಿಟ್ಟು, "ನಿನಗೆ ಏನಾಗುತ್ತೆ ಅಂತ ನಾನು ಯೋಚನೆನೇ ಮಾಡಿರಲಿಲ್ಲ. ನೀನು ಯಾವಾಗಲೂ ಇರ್ತೀಯಾ ಅಂದ್ಕೊಂಡಿದ್ದೆ" ಎಂದ. ಅದು ಹೊಗಳಿಕೆಯೋ ತೆಗಳಿಕೆಯೋ ಅವಳಿಗೆ ತಿಳಿಯಲಿಲ್ಲ.

ಮಾತ್ರೆ ಒಂದರ ಬದಲು ಎರಡಾಯಿತು. ಒತ್ತಡ ನಿಧಾನವಾಗಿ ಹಿಡಿತಕ್ಕೆ ಬಂತು. ಗಿಣಿ ಧೈರ್ಯ ತಂದುಕೊಂಡು ಮಹಡಿಗೆ ಮರಳಿದಳು. ಡಾಕ್ಟರಮ್ಮ ಹೇಳಿದಂತೆ ವಾರಗಿತ್ತಿಯರಿಬ್ಬರೂ ಬೆಳಿಗ್ಗೆ ಉದ್ಯಾನದಲ್ಲಿ ನಡೆಯತೊಡಗಿದರು. ಹೊಟ್ಟೆಕಿಚ್ಚು ಮಾತ್ರ ಮಾತ್ರೆಗೆ ಬಗ್ಗುವ ಜಾತಿಯದಲ್ಲ. ಮೊನ್ನೆ ಅಲ್ಲಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಗಿಣಿಯನ್ನು ತಡೆದು, "ನಿಮಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರಂತೆ, ಹೌದಾ?" ಎಂದು ಕಣ್ಣರಳಿಸಿದಳು.

"ನನಗೂ ಬಿ.ಪಿ. ಇದೆ" ಎಂದಳು ಕತ್ತರಿಯಕ್ಕ.

"ಓ, ಹೌದಾ" ಎಂದ ಹೆಂಗಸು ಮತ್ತೆ ಗಿಣಿಯ ಕಡೆಗೇ ತಿರುಗಿದಳು. ಕತ್ತರಿಯಕ್ಕ ಮುಖ ಊದಿಸಿಕೊಂಡು, ಇಬ್ಬರನ್ನೂ ಹಿಂದೆ ಬಿಟ್ಟು ದಾಪುಗಾಲು ಹಾಕಿದಳು.