ವ್ಯಾಲೆಟ್ಟಾದಲ್ಲಿ ಚೆಲ್ಲಿದ ಚರಗ

ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಒಡವೆ ಹಾಕಿಕೊಂಡು ಕೆಲಸ ಮಾಡುವಂತಿರಲಿಲ್ಲ. ಬಿಚ್ಚಲಾಗದ್ದನ್ನು ಟೇಪಿನಿಂದ ಮುಚ್ಚಬೇಕಿತ್ತು. ಕಾಕು ತಮ್ಮ ಮೂಗುತಿಯ ಮೇಲೆ ಪೆಟ್ಟಿಗೆ ಮುಚ್ಚುವ ಕಂದು ಟೇಪಿನ ಒಂದು ಚೂರನ್ನು ಅಂಟಿಸಿಕೊಳ್ಳುತ್ತಿದ್ದರು. ಸಿಟ್ಟು ಬಂದಾಗ ಮೂಗಿನ ಹೊಳ್ಳೆ ಅರಳಿ ಆ ಟೇಪಿನ ಒಂದು ತುದಿ ಮೇಲೇಳುತ್ತಿತ್ತು. ಅದನ್ನು ಕಂಡರೆ ಸೂಪರ್‌ವೈಸರ್ ಕೂಡ ಬೇರೆ ದಾರಿ ಹಿಡಿಯುತ್ತಿದ್ದ.

ಅವರು ನನಗೆ ನೆಂಟರಲ್ಲ. ನಾನು ತುಮಕೂರಿನವಳು, ಓದಲೆಂದು ಕೆನಡಾಕ್ಕೆ ಬಂದು ಬ್ರ್ಯಾಂಪ್ಟನ್ನಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮೇಲೆ ಇದ್ದದ್ದು ಬೆಳಗಾವಿ ಕಡೆಯ ಒಂದು ಕುಟುಂಬ. ಆ ಮನೆಯ ಯಜಮಾನನಿಗೆ ಅವರು ಚಿಕ್ಕಪ್ಪನ ಹೆಂಡತಿ, ಅಂದರೆ ಕಾಕು. ಅವನ ಹೆಂಡತಿಯ ಬಾಣಂತನಕ್ಕೆಂದು ಬಂದವರು, ಗಂಡ ಇಲ್ಲ, ಮಕ್ಕಳಿಲ್ಲ, ಇಲ್ಲೇ ಉಳಿದರು. ಆ ಮನೆಯ ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ವೇರ್‌ಹೌಸಿಗೆ ಸೇರಿಕೊಂಡರು. ನನ್ನನ್ನೂ ಅಲ್ಲಿಗೆ ಸೇರಿಸಿದವರು ಅವರೇ. ಮನೆಯಲ್ಲಿ ಎಲ್ಲರೂ ಕಾಕು ಅನ್ನುತ್ತಿದ್ದರು, ನಾನೂ ಅಂದೆ.

ಸೇರಿದ ಹೊಸದರಲ್ಲಿ ಬ್ಲೇಡಿನಿಂದ ನನ್ನ ಬೆರಳು ಆಳವಾಗಿ ಕೊಯ್ದುಹೋಯಿತು. ಸೂಪರ್‌ವೈಸರ್ ಬಂದು ನೋಡಿ, ಮುಂದಿರುವ ಪೆಟ್ಟಿಗೆಗಳನ್ನು ಮುಗಿಸಿ ಹೋಗು ಅಂದ. ಕಾಕು ಎದುರಿನ ಮೇಜಿನಿಂದ ಬಂದು, ಪೆಟ್ಟಿಗೆಗಳು ಸಾಗುವ ಬೆಲ್ಟಿನ ಪಕ್ಕದ ಕೆಂಪು ಹಗ್ಗ ಎಳೆದರು. ಇಡೀ ಲೈನು ನಿಂತಿತು.

“ಯೂ ಕಾಂಟ್ ಸ್ಟಾಪ್ ದ ಲೈನ್!” ಅಂತ ಅವನು ಕೂಗಿದ.

“ಸ್ಟಾಪ್ ಮಾಡೀನಲ್ಲ. ನೋಡು, ನಿಂತೇತಿ,” ಅಂದರು ಕಾಕು. ಆಮೇಲೆ ಅವನ ಭಾಷೆಯಲ್ಲೂ ಹೇಳಿದರು: “ಗರ್ಲ್ ಬ್ಲಡ್. ಬಾಕ್ಸ್ ವೇಟ್.”

ಅವತ್ತು ವಾಪಸ್ಸು ಬರುವಾಗ ಕಾರಿನಲ್ಲಿ, ಬ್ಯಾಂಡೇಜು ಸುತ್ತಿದ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹೇಳಿದರು: “ಸಿಟ್ಟು ಬರೋ ಹೊತ್ತಿಗೆ ಬರಬೇಕವ್ವಾ. ತಡಾ ಆಗಿ ಬಂದ್ರ ಅದು ಸಿಟ್ಟಲ್ಲ, ಹೊಟ್ಟಿ ಉರಿ.”

ಊಟದ ಹೊತ್ತಿಗೆ ಹವೆ ಚೆನ್ನಾಗಿದ್ದರೆ ಅವರು ಲಂಚ್‌ರೂಮಿನಲ್ಲಿ ಕೂರುತ್ತಿರಲಿಲ್ಲ. ಪಾರ್ಕಿಂಗಿನ ಆಚೆ ಒಂದು ಹುಲ್ಲಿನ ಪಟ್ಟಿಯಿತ್ತು. ಅಲ್ಲಿ ಡಬ್ಬಿ ಬಿಚ್ಚಿ, ರೊಟ್ಟಿಯ ಒಂದು ಚೂರು ಮುರಿದು, ಚಟ್ನಿ ಹಚ್ಚಿ, ಸುತ್ತಲ ನೆಲಕ್ಕೆ ಎರಚಿ, ಆಮೇಲೆ ತಾವು ತಿನ್ನುತ್ತಿದ್ದರು. ನಮ್ಮ ಕಡೆ ಇದನ್ನು ನಾನು ಕಂಡಿರಲಿಲ್ಲ. ಏನಿದು ಅಂತ ಕೇಳಿದೆ.

“ಚರಗ. ಎಳ್ಳಮಾಸಿಗೆ ಹೊಲಕ್ಕ ಬುತ್ತಿ ಒಯ್ದು ಮೊದಲ ಭೂಮಿಗೆ ಉಣಿಸ್ತೀವಿ. ಆಕಿ ಉಂಡಮ್ಯಾಲ ನಾವು.”

“ಇದು ಹೊಲ ಅಲ್ಲವಲ್ಲ ಕಾಕು, ಪಾರ್ಕಿಂಗ್ ಲಾಟು.”

“ಡಾಂಬರಿನ ಕೆಳಗ ಯಾರದಾರ ಮತ್ತ? ಆಕಿನ ಅದಾಳ.”

ಅದನ್ನು ನೋಡಿ ನಗದೆ ಇದ್ದವರು ಒಬ್ಬರೇ. ಕಾಕುವಿನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಮಾಲ್ಟಾದ ಹೆಂಗಸು. ಹುಡುಗಿಯಾಗಿದ್ದಾಗಲೇ ಟೊರಾಂಟೊಗೆ ಬಂದವರು, ಮತ್ತೆ ಊರು ನೋಡಿದವರಲ್ಲ. ಅವರೂ ಊಟಕ್ಕೆ ಮುಂಚೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಅರ್ಧ ಗಂಟೆ ಮಾತು ನಿಲ್ಲುತ್ತಿರಲಿಲ್ಲ. ತಮ್ಮ ರಾಜಧಾನಿ ವ್ಯಾಲೆಟ್ಟಾದಲ್ಲಿ ಬಂದರಿನ ಮೇಲೆ ಎತ್ತರದಲ್ಲಿ ಒಂದು ಉದ್ಯಾನವಿದೆ, ಮಧ್ಯಾಹ್ನಕ್ಕೆ ಸರಿಯಾಗಿ ಅದರ ಕೆಳಗೆ ತೋಪು ಹಾರುತ್ತದೆ, ಅದನ್ನು ಕೇಳಿಯೇ ತಮ್ಮ ತಾಯಿ ಒಲೆಯಿಂದ ಪಾತ್ರೆ ಇಳಿಸುತ್ತಿದ್ದರು ಎಂದು ಆಕೆ ಹೇಳಿದ್ದನ್ನು ಕಾಕು ನನಗೆ ಎಷ್ಟೋ ಸಲ ಹೇಳಿದ್ದಾರೆ. ಕಾಕುವಿಗೆ ಬೇರೆ ಯಾವ ಊರು ನೋಡುವ ಆಸೆಯೂ ಇರಲಿಲ್ಲ. ಆ ಉದ್ಯಾನದಲ್ಲಿ ಕೂತು ಬುತ್ತಿ ಬಿಚ್ಚಬೇಕು, ತೋಪು ಕೇಳಬೇಕು. ಅಷ್ಟೇ.

೨೦೧೭ರಲ್ಲಿ ಯಜಮಾನ ಹಡಗಿನ ಪ್ರವಾಸ ಗೊತ್ತು ಮಾಡಿದ. ಅವನ ಕುಟುಂಬ, ಇನ್ನೊಂದು ಗೆಳೆಯರ ಕುಟುಂಬ. ಹಡಗು ವ್ಯಾಲೆಟ್ಟಾದಲ್ಲಿ ಒಂದು ದಿನ ನಿಲ್ಲುತ್ತದೆ ಅಂತ ಗೊತ್ತಾದಾಗ ಕಾಕು ತಾವೂ ಬರುವುದಾಗಿ ಹೇಳಿದರು. ಕೋಣೆಯಲ್ಲಿ ಅವರಿಗೆ ಜೊತೆ ಬೇಕಿತ್ತು, ನಾನು ಹೊರಟೆ. ಹೋಗುವ ಮುಂಚೆ ಮೂರು ಸಂಜೆ ಕೂತು ಕಡಕ್ ರೊಟ್ಟಿ ಬಡಿದರು. ಹೆಂಚಿನ ಹೊಗೆಗೆ ಅಲಾರಮ್ಮು ಕೂಗಿಕೊಂಡಿತು. ಯಜಮಾನನ ಹೆಂಡತಿ, “ಶಿಪ್ಪಿನಾಗ ಎಲ್ಲಾ ಫ್ರೀ ಅದ ಕಾಕು, ಯಾರ್ ತಿಂತಾರ ಇದನ್ನ?” ಅಂದರು. “ನಿಮಗಲ್ಲವ್ವಾ,” ಅಂದರು ಕಾಕು.

ಇನ್ನು ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಇದನ್ನು ಬೇರೆ ರೀತಿ ಹೇಳುವವರು ಬಹಳ ಜನ ಇದ್ದಾರೆ.

ಹಡಗಿನಿಂದಿಳಿದು, ಬಂಡೆಗೆ ಹೊಂದಿಸಿ ಕಟ್ಟಿದ ದೊಡ್ಡ ಲಿಫ್ಟಿನಲ್ಲಿ ಮೇಲೆ ಬಂದರೆ ಉದ್ಯಾನವೇ ಸಿಗುತ್ತದೆ. ಕಮಾನುಗಳ ಸಾಲು, ಅವುಗಳ ಆಚೆ ಕೆಳಗೆ ಬಂದರು, ಬಂದರಿನ ಆಚೆ ಕೋಟೆಗಳು. ಎಲ್ಲವೂ ಒಂದೇ ಕಲ್ಲು. ಕಾಕು ಕಮಾನಿನ ಕಟ್ಟೆಗೆ ಕೈ ಊರಿ ನಿಂತು, “ಊರಿಗೂರ ಬೆಲ್ಲದಾಗ ಕಟ್ಟಿಟ್ಟಾರ ನೋಡು,” ಅಂದರು. ಆಮೇಲೆ ಒಂದು ಬೆಂಚು ಆರಿಸಿ ಕೂತು, ಡಬ್ಬಿ ತೆಗೆದು, ರೊಟ್ಟಿ ಮುರಿದು ಚಟ್ನಿ ಹಚ್ಚಿ, ನಾಲ್ಕೂ ದಿಕ್ಕಿಗೆ ಒಂದೊಂದು ಚಿಟಿಕೆ ಎರಚಿದರು. ಪಾರಿವಾಳಗಳು ಬಂದವು. ಹತ್ತು ಹದಿನೈದು ಇರಬಹುದು. ಹೆಚ್ಚೇನಲ್ಲ.

ಉದ್ಯಾನದ ಕಾವಲುಗಾರ ಬಂದ. ವಯಸ್ಸಾದ ಮನುಷ್ಯ. ಅವನು ಅಂದದ್ದು ಇಷ್ಟೇ: “ಮ್ಯಾಡಮ್, ಪ್ಲೀಸ್, ನೋ ಫೀಡಿಂಗ್ ದ ಬರ್ಡ್ಸ್.” ದನಿ ಎತ್ತರಿಸಲಿಲ್ಲ. ಕಾಕು “ಸಾರಿ, ಸಾರಿ” ಅಂದರು. ಅಲ್ಲಿಗೆ ಅದು ಮುಗಿದಿತ್ತು.

ಅಷ್ಟರಲ್ಲಿ ಫೋಟೊ ತೆಗೆಯುತ್ತಿದ್ದ ಯಜಮಾನ ಓಡಿ ಬಂದ. ಗೆಳೆಯನ ಕುಟುಂಬ ನೋಡುತ್ತಿತ್ತು, ಬೆಂಚಿನ ಮೇಲಿದ್ದ ಬಿಳಿಯರು ಇಬ್ಬರು ಮೂವರು ನೋಡುತ್ತಿದ್ದರು. ಅವನು ಕಾವಲುಗಾರನಿಗೆ ಹೇಳಿದ: “ಸೋ ಸಾರಿ ಸರ್. ಶೀ ಈಸ್ ನಾಟ್ ನಾರ್ಮಲ್. ಮೆಂಟಲ್ ಪ್ರಾಬ್ಲಮ್.” ಹೇಳುತ್ತ ತನ್ನ ಕಿವಿಯ ಮೇಲೆ ಬೆರಳು ತಿರುಗಿಸಿದ. ಆಮೇಲೆ ಕಾಕುವಿನ ತೊಡೆಯ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು, ಪಕ್ಕದ ಕಸದ ಬುಟ್ಟಿಗೆ ಹಾಕಿದ.

ಕಾಕು ಎದ್ದು ನಿಂತರು.

“ತಗಿ.”

“ಕಾಕು, ಎಲ್ಲಾರೂ ನೋಡಾಕತ್ತಾರ...”

“ನೋಡ್ಲಿ. ತಗಿ ಅದನ್ನ.”

ಅವನು ತೆಗೆಯಲಿಲ್ಲ. ಕಾವಲುಗಾರ ಬಗ್ಗಿ, ಬುಟ್ಟಿಯೊಳಗೆ ಕೈ ಹಾಕಿ, ಡಬ್ಬಿ ತೆಗೆದು ಕಾಕುವಿನ ಕೈಗೆ ಕೊಟ್ಟ. “ಫಸ್ಟ್ ಗ್ರೌಂಡ್ ಈಟ್. ಆಫ್ಟರ್ ಮೀ,” ಎಂದು ಕಾಕು ಅವನಿಗೆ ವಿವರಿಸಿದರು. ಅವನು ತಲೆಯಾಡಿಸಿ, “ಓಕೆ ಮ್ಯಾಡಮ್, ಬಟ್ ನೋ ಮೋರ್,” ಅಂದು ಹೋದ. ಪೊಲೀಸರು ಬರಲಿಲ್ಲ. ಯಾರೂ ಯಾರನ್ನೂ ಹಿಡಿಯಲಿಲ್ಲ.

ನಾನು ಯಜಮಾನನನ್ನು ಕೇಳಿದೆ: “ಅಣ್ಣಾ, ಅವನು ಹಾಕಬೇಡಿ ಅಂದ, ಅಷ್ಟೇ. ನೀವ್ಯಾಕೆ ಹಾಗಂದ್ರಿ?”

“ನೀ ನಡುವ ಬರಬ್ಯಾಡ. ಆಕಿನ್ನ ಶಿಪ್ಪಿಗೆ ಕರ್ಕೊಂಡ್ ಹೋಗು. ಸಾಕು ಮಾನ ಹೋಗಿದ್ದು.”

“ನಾ ಹೋಗಂಗಿಲ್ಲ,” ಅಂದರು ಕಾಕು. “ಹುಚ್ಚಿ ಅಂದ್ಯಲ್ಲೋ. ಹುಚ್ಚಿ ಹೇಳಿದ ಮಾತ್ ಕೇಳ್ತಾಳೇನು?”

ಅವರೆಲ್ಲ ದೊಡ್ಡ ಚರ್ಚು ನೋಡಲು ಹೋದರು. ನಾವಿಬ್ಬರು ಉಳಿದೆವು. ಮಧ್ಯಾಹ್ನ ಕೆಳಗಿನ ಕಟ್ಟೆಗೆ ಹಳೆಯ ಕಾಲದ ಸಮವಸ್ತ್ರ ತೊಟ್ಟ ಸಿಪಾಯಿಗಳು ಬಂದು ತೋಪು ಹಾರಿಸಿದರು. ಬೆಂಚು ಅದುರಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಹೊಗೆ ಬಂದರಿನ ಮೇಲೆ ಮೆಲ್ಲಗೆ ತೇಲಿಹೋಯಿತು. ಇಷ್ಟು ವರ್ಷ ಕಾದು ಬಂದ ಸದ್ದು. ಕಾಕು ನನ್ನ ಕಡೆ ತಿರುಗಿ ಕೇಳಿದರು:

“ನಾರ್ಮಲ್ ಅಲ್ಲ ಅಂದ್ರ ಹುಚ್ಚಿ ಅಂತನ ಅಲ್ಲೇನು ತಂಗೀ? ಬೇರೆ ಅರ್ಥ ಏನರ ಐತೇನು?”

ನನಗೆ ಸುಳ್ಳು ಹೇಳಲು ಬರಲಿಲ್ಲ.

ಆಮೇಲೆ ಊರು ಸುತ್ತಿದೆವು. ನೇರ ಬೀದಿಗಳು, ಎರಡೂ ಕಡೆ ಹಸಿರು, ಕೆಂಪು, ನೀಲಿ ಬಣ್ಣದ ಮರದ ಬಾಲ್ಕನಿಗಳು, ಮೂಲೆಮೂಲೆಗೆ ಕಲ್ಲಿನ ಸಂತರು. ಕಾಕು ಒಂದೊಂದು ಬಾಲ್ಕನಿಯ ಕೆಳಗೂ ನಿಂತು ತಲೆ ಎತ್ತುತ್ತಿದ್ದರು. ಆದರೆ ಬಾಯಲ್ಲಿ ಬರುತ್ತಿದ್ದದ್ದು ಬಾಲ್ಕನಿಯ ಮಾತಲ್ಲ. “ಅವನ ಮಗಳಿಗೆ ಜ್ವರ ಬಂದಾಗ ಎದಿ ಮ್ಯಾಲ ಹಾಕ್ಕೊಂಡು ಕುಂತಾಗ ನಾ ನಾರ್ಮಲ್ ಇದ್ನೇನು?” ಮುಂದಿನ ತಿರುವಿನಲ್ಲಿ: “ಗ್ಯಾಸ್ ಮ್ಯಾಲ ಹಾಲಿಟ್ಟು ಅವನ ಹೆಂಡ್ತಿ ಮಕ್ಕೊಂಡಿದ್ಲಲ್ಲ, ಆವಾಗ ನಾ ಮನಿ ಉಳಿಸಿದಾಗ?” ಒಂದೇ ಒಂದು ಸಲ ಊರು ಅವರನ್ನು ಗೆದ್ದಿತು. ಮೆಟ್ಟಿಲುಗಳ ಬೀದಿಯೊಂದರಲ್ಲಿ ಮೇಲಿನ ಮನೆಯ ಅಜ್ಜಿ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟಳು. ಕೆಳಗಿದ್ದವನು ಅದರಲ್ಲಿ ಬ್ರೆಡ್ಡು ಇಟ್ಟ, ಬುಟ್ಟಿ ಮೇಲೇರಿತು. ಕಾಕು ಬಾಯಿ ಮುಚ್ಚಿಕೊಂಡು ನಕ್ಕರು. “ಬಾವಿ ನೀರು ಸೇದ್ದಂಗ ಸೇದ್ತಾಳ ನೋಡು!” ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ನಗು ಆರಿತ್ತು.

ನನ್ನ ಸಿಟ್ಟು ಇದಕ್ಕೆ. ಡಬ್ಬಿ ಬಿಸಾಡಿದ್ದಕ್ಕಿಂತ ಇದಕ್ಕೆ. ಅವರಿಗೆ ಸಿಕ್ಕಿದ್ದು ಒಂದು ದಿನ. ಆ ದಿನವೆಲ್ಲ ಆ ಚೆಂದದ ಊರಿನಲ್ಲಿ ಅವರು ಅಲ್ಲಿ ಇಲ್ಲದವನೊಬ್ಬನಿಗೆ ಉತ್ತರ ಹೇಳುತ್ತ ನಡೆದರು.

ನಾವು ಹಡಗು ಹತ್ತುವ ಮೊದಲೇ ಆ ಮಾತು ಹಡಗು ಹತ್ತಿತ್ತು. ರಾತ್ರಿ ಊಟದ ಮೇಜಿನಲ್ಲಿ ಯಜಮಾನನ ಸಣ್ಣ ಮಗಳು ಕೇಳಿದಳು: “ಅಜ್ಜಿ, ಆರ್ ಯೂ ಮೆಂಟಲ್?” ಅವಳ ತಾಯಿ “ಶ್‌” ಅಂದರು, ಇಲ್ಲ ಅನ್ನಲಿಲ್ಲ.

ಬ್ರ್ಯಾಂಪ್ಟನ್ನಿಗೆ ಬಂದ ಮೇಲೆ ಅದು ಬೆಳೆಯಿತು. ತನ್ನ ಸುಳ್ಳು ಸುಳ್ಳಲ್ಲವೆಂದು ಗೆಳೆಯನ ಕುಟುಂಬದೆದುರು ತೋರಿಸಬೇಕಿತ್ತಲ್ಲ, ಯಜಮಾನ ಅದನ್ನು ನಿಜ ಮಾಡಲು ಹೊರಟ. ಕಾಕು ದನಿ ಎತ್ತರಿಸಿದರೆ ಸಾಕು, “ನೋಡ್ರಿ, ಶುರು ಆತು,” ಎಂದು ಗಂಡ ಹೆಂಡತಿ ಇಬ್ಬರೂ ಅನ್ನುತ್ತಿದ್ದರು. ವೇರ್‌ಹೌಸಿನಲ್ಲಿ ಬ್ಲೇಡುಗಳಿರುತ್ತವೆ ಎಂದು ಕೆಲಸ ಬಿಡಿಸಿದರು. ಒಬ್ಬರೇ ಬಸ್ಸು ಹತ್ತಬಾರದು ಎಂದರು. ಮಾಲ್ಟಾದ ಗೆಳತಿ ಆ ಹೊತ್ತಿಗೆ ಕೆಲಸ ಬಿಟ್ಟು ಅರೋರಾ ಎಂಬ ಊರಿನಲ್ಲಿ ಮಗಳ ಮನೆ ಸೇರಿದ್ದರು. ಅವರನ್ನು ಕಾಣಲು ಒಮ್ಮೆ ನಾನು ಕಾಕುವನ್ನು ಕರೆದುಕೊಂಡು ಹೊರಟಾಗ ಯಜಮಾನ ಬಾಗಿಲಿಗೆ ಅಡ್ಡ ನಿಂತು, “ಏನರ ಆದ್ರ ಜವಾಬ್ದಾರಿ ನಿಂದೇನು?” ಎಂದ. “ಹೌದು, ನಂದೇ” ಅಂದೆ. ಕಾಕು ತಾವೇ ಬೂಟು ಬಿಚ್ಚಿದರು. “ಬ್ಯಾಡ ಬಿಡವ್ವಾ. ನಾ ಜಗಳಾ ತಗದ್ರ ಅದನ್ನೂ ಹುಚ್ಚಿನ ಲೆಕ್ಕಕ್ಕ ಹಿಡೀತಾರ.”

ಡಾಕ್ಟರಿಗೂ ತೋರಿಸಿದರು. ಭಾಷೆಗೆಂದು ಕಾಕು ನನ್ನನ್ನು ಒಳಗೆ ಕರೆದುಕೊಂಡರು. ಡಾಕ್ಟರು ಬಹಳ ಹೊತ್ತು ಮಾತನಾಡಿಸಿದರು, ಲೆಕ್ಕ ಕೇಳಿದರು, ಹೆಸರುಗಳನ್ನು ನೆನಪಿಟ್ಟು ಹೇಳಲು ಹೇಳಿದರು. ಕೊನೆಗೆ ಮನಸ್ಸಿಗೆ ಸಂಬಂಧಿಸಿದ ಕಾಯಿಲೆ ಏನೂ ಇಲ್ಲ ಎಂದರು. ಹೊರಗೆ ಬಂದು ಯಜಮಾನನಿಗೆ ಅದನ್ನೇ ಹೇಳಿದೆ. ಆ ವಾರ ಅವನು ಫೋನಿನಲ್ಲಿ ಯಾರಿಗೋ ಹೇಳುವುದು ಬೇಸ್‌ಮೆಂಟಿಗೆ ಕೇಳಿಸಿತು: “ತೋರಿಸಿದ್ವಿ, ಡಾಕ್ಟರ್ ಏನೂ ಹೇಳ್ಲಿಲ್ರಿ.”

ಕಾಕು ಕ್ರಮೇಣ ಸುಮ್ಮನಾದರು. ಹೊತ್ತಿಗೆ ಊಟ, ಹೊತ್ತಿಗೆ ಟಿವಿ. ಯಾರು ಏನಂದರೂ “ಹೂಂ” ಅನ್ನುತ್ತಿದ್ದರು. ಬಂದವರೆಲ್ಲ ಹೇಳಿದರು: “ಈಗ ಎಷ್ಟೋ ನಾರ್ಮಲ್ ಆಗ್ಯಾರ.”

೨೦೧೯ರ ಚಳಿಗಾಲದಲ್ಲಿ ಹೃದಯ ನಿಂತು ತೀರಿಕೊಂಡರು. ಬ್ರ್ಯಾಂಪ್ಟನ್ನಿನ ಒಂದು ಹಾಲಿನಲ್ಲಿ ಅವರ ನೆನಪಿಗೆ ಜನ ಸೇರಿದ್ದರು. ಯಜಮಾನ ಮೈಕು ಹಿಡಿದು, ಕಾಕು ತನಗೆ ತಾಯಿಯ ಹಾಗಿದ್ದರು ಎಂದ. ಅತ್ತ. ಆಮೇಲೆ, ಕಡೆಗಾಲದಲ್ಲಿ ತಲೆ ಸ್ವಲ್ಪ ಸರಿ ಇರಲಿಲ್ಲ, ಮಾಲ್ಟಾದಲ್ಲಿ ಪಾರಿವಾಳಕ್ಕೆ ರೊಟ್ಟಿ ಹಾಕಿ ಪೊಲೀಸರ ಕೈಗೆ ಸಿಕ್ಕಿದ್ದರು, ನಾವೇ ಬಿಡಿಸಿಕೊಂಡು ಬಂದೆವು ಎಂದ. ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು.

ನಾನು ಎದ್ದು ನಿಂತೆ. “ಪೊಲೀಸರು ಬರಲಿಲ್ಲ,” ಅಂದೆ. “ಕಾಕು ಬುದ್ಧಿ ನೆಟ್ಟಗಿತ್ತು. ತಲೆ ಸರಿ ಇಲ್ಲ ಅಂತ ಮೊದಲು ಹೇಳಿದವರು ನೀವು. ನಾನು ಅಲ್ಲೇ ಇದ್ದೆ.”

ಹಿಂದಿನಿಂದ ಯಾರೋ ಹಿರಿಯರು, “ಕುಂಡ್ರವಾ ತಂಗೀ, ಇದು ಹೊತ್ತಲ್ಲ,” ಅಂದರು.

“ಇದೇ ಹೊತ್ತು,” ಅಂದೆ. ನಿಂತೇ ಇದ್ದು, ಮೇಲೆ ಬರೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಯಾರೂ ನಗಲಿಲ್ಲ. ಯಾರೂ ಹೌದು ಅಂತಲೂ ಅನ್ನಲಿಲ್ಲ. ಹೇಳಿ ಮುಗಿಸಿದಾಗ ನಾನು ಏದುಸಿರು ಬಿಡುತ್ತಿದ್ದೆ. ಯಜಮಾನನ ಹೆಂಡತಿ ಬಂದು ನನ್ನ ಭುಜ ಹಿಡಿದು, ತುಂಬ ಮೆತ್ತಗೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಆರಾಮ್ ಇದ್ದೀ ಇಲ್ಲೋ? ಏನ್ ಆಗೇತಿ ನಿನಗ?”

“ಏನೂ ಆಗಿಲ್ಲ,” ಅಂದೆ. “ಸಿಟ್ಟು ಬಂದಿದೆ.”