ಅಂಜಮ್ಮನಿಗೆ ಹಿಡಿದ ಕೊಡೆ

ಮತ್ತಿಗಿರಿಯಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿರುವ ಲಕ್ಷ್ಮೀಪತಿಯ ಕಣ್ಣಿಗೆ ಜವಳಗಿರಿಯ ಅಂಜಮ್ಮ ಹಳೆಯ ಸರಕು: ಮೊಣಕಾಲು ಸವೆದಿದೆ, ಬೆನ್ನು ಬಾಗಿದೆ, ಬಾಯಿ ಮಾತ್ರ ಹೊಚ್ಚಹೊಸದು. ಹೊಸೂರಿನಿಂದ ತಿರುಪತಿಗೆ ಹೊರಟ ಪಾದಯಾತ್ರೆಯಲ್ಲಿ ಈಕೆ ಬೆಟ್ಟದ ಬುಡವನ್ನೂ ಮುಟ್ಟಲಾರಳು ಎಂದು ಅವನು ಅಂದಾಜು ಕಟ್ಟಿದ್ದ.

ಬುಡದಲ್ಲಿ ಕೈಚೆಲ್ಲಿದವನು ಅವನೇ. ಹೆಂಡತಿ ಹುಷಾರಾದರೆ ನಡೆದೇ ಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಿದ್ದ. ಅವಳು ಹುಷಾರಾದಳು, ಇವನು ಹಿಂದಿನ ಎರಡು ಧನುರ್ಮಾಸದಲ್ಲೂ ಬುಡದಿಂದ ಬಸ್ಸಿನಲ್ಲೇ ಮೇಲೆ ಹೋಗಿದ್ದ. ಈ ಸಲವೂ ಕೊರೆಯುವ ಚಳಿ, ಜಡಿಮಳೆ. ಕಣ್ಣು ಬಸ್ಸಿನ ಕಡೆಗೇ.

ಅಂಜಮ್ಮ ಬಗ್ಗಿ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಪ್ರತಿ ಮೆಟ್ಟಿಲಿಗೂ ಹಚ್ಚುವ ಹರಕೆ ಅವಳದು. ಹಚ್ಚಿದ್ದನ್ನು ಮಳೆ ಆಗಲೇ ತೊಳೆಯಿತು.

“ಅಂಜಮ್ಮಕ್ಕ, ಒಂದು ಬಿಟ್ಟು ಒಂದಕ್ಕೆ ಹಚ್ಚಿ. ಸ್ವಾಮಿ ಏನು ಎಣಿಸ್ತಾ ಕೂತವ್ನಾ?”

“ಅಂಗಡೀಲಿ ನೀವು ತೂಗೋದೂ ಹಿಂಗೇನಾ ಶೆಟ್ರೇ? ಸುಮ್ಕೆ ನಿಮ್ ಕೊಡೆ ಹಿಡೀರಿ, ಕುಂಕುಮ ನೆಂದೋಯ್ತದೆ.”

ಹಿಡಿದ. ಅವಳು ಒಂದು ಮೆಟ್ಟಿಲು ಏರಿದರೆ ಕೊಡೆಯೂ ಏರಬೇಕು, ಕೊಡೆಯ ಜೊತೆ ಲಕ್ಷ್ಮೀಪತಿಯೂ.

ಅರ್ಧ ದಾರಿಯಲ್ಲಿ ರಸ್ತೆ ಸಿಕ್ಕಿತು. ಕಾಲು ಮರಗಟ್ಟಿದ್ದ ಅವನು ಯಾವುದಾದರೂ ವಾಹನಕ್ಕೆ ಕೈ ಅಡ್ಡ ಹಾಕಲು ಹೊರಟ. ಅಂಜಮ್ಮ ತಲೆ ಎತ್ತಲಿಲ್ಲ.

“ಹೋಗ್ರಿ, ಯಾರ್ ಬ್ಯಾಡ ಅಂದೋರು? ಕೊಡೆ ಮಾತ್ರ ಕೊಟ್ಬುಟ್ಟು ಹೋಗ್ರಿ.”

ಆಚೆ ಮಳೆ, ಈಚೆ ಬಿಟ್ಟುಕೊಡಬೇಕಾದ ಅಂಗಡಿಯ ಒಳ್ಳೆಯ ಕೊಡೆ. ವ್ಯಾಪಾರಿ ತಿರುಗಿ ಬಂದ.

ಕತ್ತಲಾಗುವ ಮುಂಚೆ ಇಬ್ಬರೂ ಕೊನೆಯ ಮೆಟ್ಟಿಲು ಏರಿದರು. ಹೆಂಡತಿಗಾಗಿ ಹೊತ್ತ ಹರಕೆಯನ್ನು ಲಕ್ಷ್ಮೀಪತಿ ನಡೆದೇ ತೀರಿಸಿದ. ಅದಕ್ಕಾಗಿ ಅವನು ಅಂಜಮ್ಮನಿಗೆ ಋಣಿ.